ಸರ್ವೋಪಯೋಗಿ ಮಸೂರ (ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ)

ಸರ್ವೋಪಯೋಗಿ ಮಸೂರ ಎಂದರೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾದಿಂದ ಪದೇ ಪದೇ ಕಳಚುವ ಅಗತ್ಯವಿಲ್ಲದೆ, ನಿಸರ್ಗದೃಶ್ಯ, ಕಟ್ಟಡ, ಗುಂಪುಚಿತ್ರ, ವ್ಯಕ್ತಿಚಿತ್ರ ಮೊದಲಾದ ನಿತ್ಯದ ವಿಷಯಗಳನ್ನೆಲ್ಲ ಸೆರೆಹಿಡಿಯಲು ನೆರವಾಗುವ ಮಸೂರ. ಸಾಮಾನ್ಯವಾಗಿ ಇದು ಜೂಮ್ ಮಸೂರವಾಗಿರುತ್ತದೆ. ಬಳಕೆಯ ಮಾತಿನಲ್ಲಿ ಇದನ್ನು 'ಆಲ್‌ರೌಂಡ್ ಲೆನ್ಸ್' ಎನ್ನುವುದುಂಟು. ಇದು ಖಚಿತವಾದ ತಾಂತ್ರಿಕ ವರ್ಗವಲ್ಲ, ಬಳಕೆಯಿಂದ ಬಂದ ಹೆಸರು. ಒಬ್ಬರಿಗೆ ಸರ್ವೋಪಯೋಗಿಯಾದದ್ದು ಮತ್ತೊಬ್ಬರಿಗೆ ನಿರುಪಯೋಗಿಯಾಗಬಹುದು. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಕ್ಯಾಮೆರಾದ ಒಡಲಿನ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿ, ಮಸೂರವನ್ನು ಅಂಗಡಿಯವರ ಮಾತಿಗೆ ಬಿಟ್ಟುಬಿಡುವುದು ಸಾಮಾನ್ಯ. ಆದರೆ ಒಡಲು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಮಸೂರವಾದರೋ ಎರಡು ಮೂರು ಒಡಲುಗಳನ್ನು ದಾಟಿ ಬಾಳುತ್ತದೆ.

ಹಿನ್ನೆಲೆ

35 ಮಿ.ಮೀ. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾದ ಜೊತೆಗೆ ಬಹುಮಟ್ಟಿಗೆ ಬರುತ್ತಿದ್ದುದು 50 ಮಿ.ಮೀ. ಸ್ಥಿರ ಮಸೂರ. ಸ್ಥಿರಚಿತ್ರಗಳ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಮೊದಲ ಜೂಮ್ ಮಸೂರ ಬಂದದ್ದು 1959ರಲ್ಲಿ. ಅದು ಫ್ರ್ಯಾಂಕ್ ಬ್ಯಾಕ್ ಅವರ ವಿನ್ಯಾಸದ 36–82 ಮಿ.ಮೀ. ಫೋಕ್ಟ್‌ಲ್ಯಾಂಡರ್ ಜೂಮರ್. 1963ರಲ್ಲಿ ನಿಕಾನ್ ಸಂಸ್ಥೆಯ 43–86 ಮಿ.ಮೀ. ಮಸೂರ ಜನಪ್ರಿಯವಾಯಿತಾದರೂ ಸರಳರೇಖೆಗಳನ್ನು ಬಾಗಿಸುತ್ತದೆಂಬ ದೂರು ಅದರ ಬೆನ್ನು ಬಿಡಲಿಲ್ಲ. 1992ರಲ್ಲಿ ಟ್ಯಾಮ್ರಾನ್ ಸಂಸ್ಥೆ ಹೊರತಂದ 28–200 ಮಿ.ಮೀ. ಮಸೂರದಿಂದ 'ಒಂದೇ ಮಸೂರ ಸಾಕು' ಎಂಬ ಕಲ್ಪನೆ ಸಾಮಾನ್ಯ ಬಳಕೆದಾರರವರೆಗೂ ಬಂದಿತು. ಡಿಜಿಟಲ್ ಯುಗದಲ್ಲಿ, 2003ರ ಕ್ಯಾನನ್ 300ಡಿ ಕ್ಯಾಮೆರಾದ ಜೊತೆ ಬಂದ 18–55 ಮಿ.ಮೀ. ಮಸೂರವು ಇಂದಿಗೂ ಆರಂಭಿಕರ ಕೈಗೆ ಸಿಗುವ 'ಕಿಟ್ ಲೆನ್ಸ್'ನ ಮಾದರಿಯಾಯಿತು. ನಿಕಾನ್ 2005ರಲ್ಲಿ ಕಂಪನ ನಿವಾರಣೆಯುಳ್ಳ 18–200 ಮಿ.ಮೀ. ಮಸೂರವನ್ನು ಪ್ರಕಟಿಸಿತು. 2017ರಲ್ಲಿ ಟ್ಯಾಮ್ರಾನ್ 18–400 ಮಿ.ಮೀ. ವರೆಗೂ ಹೋಯಿತು.

ಸಂಗಮದೂರ ಮತ್ತು ಸಂವೇದಕದ ಗಾತ್ರ

ಮಸೂರದ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆ ಅದರ ಸಂಗಮದೂರವನ್ನು ತಿಳಿಸುತ್ತದೆ. ಛಾಯಾಗ್ರಾಹಕರು ಇದನ್ನು ಫೋಕಲ್ ಲೆಂತ್ ಎನ್ನುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ನೋಟ ವಿಶಾಲ, ದೊಡ್ಡದಾದಷ್ಟೂ ಕಿರಿದು. ಆದರೆ ಅದೇ ಸಂಗಮದೂರ ಎಲ್ಲ ಕ್ಯಾಮೆರಾಗಳಲ್ಲೂ ಒಂದೇ ನೋಟವನ್ನು ಕೊಡುವುದಿಲ್ಲ. 'ಫುಲ್ ಫ್ರೇಮ್' ಕ್ಯಾಮೆರಾದ ಸಂವೇದಕ 36×24 ಮಿ.ಮೀ. ಇದ್ದರೆ, ಬಹುಪಾಲು ಆರಂಭಿಕ ಕ್ಯಾಮೆರಾಗಳ 'ಎಪಿಎಸ್-ಸಿ' ಸಂವೇದಕ ನಿಕಾನ್‌ನಲ್ಲಿ ಸುಮಾರು 23.5×15.6 ಮಿ.ಮೀ., ಕ್ಯಾನನ್‌ನಲ್ಲಿ ಅದಕ್ಕಿಂತ ತುಸು ಚಿಕ್ಕದು. ಹೀಗಾಗಿ ಎಪಿಎಸ್-ಸಿ ಕ್ಯಾಮೆರಾದಲ್ಲಿ ದೊರೆಯುವ ನೋಟವನ್ನು ಫುಲ್ ಫ್ರೇಮಿಗೆ ಹೋಲಿಸಲು ಸಂಗಮದೂರವನ್ನು ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. 18 ಮಿ.ಮೀ. ಮಸೂರ ನಿಕಾನ್ ಎಪಿಎಸ್-ಸಿ ಕ್ಯಾಮೆರಾದಲ್ಲಿ 27 ಮಿ.ಮೀ.ನಂತೆ ವರ್ತಿಸಿ ಕರ್ಣದುದ್ದಕ್ಕೆ ಸುಮಾರು 76 ಡಿಗ್ರಿ ನೋಟವನ್ನು ಕೊಡುತ್ತದೆ, 200 ಮಿ.ಮೀ.ನಲ್ಲಿ ಈ ನೋಟ ಕೇವಲ 8 ಡಿಗ್ರಿಗೆ ಇಳಿಯುತ್ತದೆ.

ಕೊಳ್ಳುವವರು ಹೆಚ್ಚಾಗಿ ದೊಡ್ಡ ಸಂಖ್ಯೆಗೆ ಮನಸೋಲುತ್ತಾರೆ. ವಾಸ್ತವದಲ್ಲಿ ಚಿಕ್ಕ ಸಂಖ್ಯೆಯ ಕಡೆಯ ವ್ಯತ್ಯಾಸವೇ ಹೆಚ್ಚು ಕಾಣುವಂಥದು. 18ಕ್ಕೂ 16ಕ್ಕೂ ನಡುವೆ ಇರುವುದು ಎರಡೇ ಮಿಲಿಮೀಟರ್ ಆದರೂ ನೋಟ 76ರಿಂದ 83 ಡಿಗ್ರಿಗೆ ಹಿಗ್ಗುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ, ಬೆನ್ನಿಗೆ ಗೋಡೆ ತಾಗಿದ ಮೇಲೆ ಹಿಂದೆ ಸರಿಯುವ ದಾರಿಯಿಲ್ಲದಿದ್ದಾಗ, ಈ ಏಳು ಡಿಗ್ರಿಯ ಬೆಲೆ ತಿಳಿಯುತ್ತದೆ. ದೂರದ ಕಡೆಯಲ್ಲಿ 200ಕ್ಕೂ 250ಕ್ಕೂ ಇರುವ ಅಂತರವನ್ನು ಚಿತ್ರದ ಅಂಚನ್ನು ಕತ್ತರಿಸಿ ಸರಿದೂಗಿಸಬಹುದು. ನೋಟದ ವಿಸ್ತಾರವನ್ನು ಹೀಗೆ ಆಮೇಲೆ ಸೇರಿಸಲು ಬರುವುದಿಲ್ಲ.

ದ್ಯುತಿರಂಧ್ರ

ಮಸೂರದ ಮೇಲಿನ ಎರಡನೆಯ ಸಂಖ್ಯೆ ಬೆಳಕಿನದು. ಅಂಗಡಿಯಲ್ಲಿ ಯಾರೂ ವಿವರಿಸದ ಸಂಖ್ಯೆಯೂ ಇದೇ. ಎಫ್/3.5–5.6 ಎಂದು ಬರೆದಿದ್ದರೆ, ವಿಶಾಲ ನೋಟದಲ್ಲಿ ದ್ಯುತಿರಂಧ್ರ ಗರಿಷ್ಠ ಎಫ್/3.5ರವರೆಗೆ, ಜೂಮ್ ಮಾಡಿದಾಗ ಗರಿಷ್ಠ ಎಫ್/5.6ರವರೆಗೆ ಮಾತ್ರ ತೆರೆಯುತ್ತದೆ ಎಂದರ್ಥ. ಸಂಖ್ಯೆ ಹೆಚ್ಚಾದಂತೆ ರಂಧ್ರ ಕಿರಿದಾಗುತ್ತದೆ. ಬೆಳಕಿನ ಪ್ರಮಾಣ ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಎಫ್/2.8 ಮಸೂರವು ಎಫ್/5.6ರ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ, ಎಫ್/1.8 ಮಸೂರ ಹತ್ತು ಪಟ್ಟಿನ ಸಮೀಪಕ್ಕೆ ಹೋಗುತ್ತದೆ.

ಇದರ ಪರಿಣಾಮವನ್ನು ಬೇಲೂರಿನ ಚೆನ್ನಕೇಶವ ದೇವಾಲಯದಂಥ ಕಡೆ ಸ್ಪಷ್ಟವಾಗಿ ಕಾಣಬಹುದು. ಹೊರಗೋಡೆಯ ಶಿಲ್ಪಗಳಿಗೆ ಬಿಸಿಲು ಧಾರಾಳವಾಗಿದ್ದು ಯಾವ ಮಸೂರವಾದರೂ ನಡೆಯುತ್ತದೆ. ನವರಂಗದೊಳಗೆ ಕಾಲಿಟ್ಟೊಡನೆ ಪರಿಸ್ಥಿತಿ ಬೇರೆ. ಅಲ್ಲಿ ಎಫ್/5.6ರಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಶಟರ್ ತೆರೆದಿರಬೇಕು ಎಂದಿಟ್ಟುಕೊಳ್ಳೋಣ. ಅದೇ ಬೆಳಕಿಗೆ ಎಫ್/2.8ರಲ್ಲಿ ಮೂವತ್ತನೆಯ ಒಂದು ಭಾಗ, ಎಫ್/1.8ರಲ್ಲಿ ಸುಮಾರು ಎಂಬತ್ತನೆಯ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕೈ ನಡುಗಿ ಚಿತ್ರ ಕಲಸಿಹೋಗುವ ಸಂಭವ ಹೆಚ್ಚು, ಕೊನೆಯದರಲ್ಲಿ ಕಡಿಮೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾದುದರಿಂದ ಸಾಮಾನ್ಯ ಪ್ರವಾಸಿಗೆ ಆ ಆಸರೆಯೂ ಇರುವುದಿಲ್ಲ. ಐಎಸ್‌ಒ ಸಂವೇದನೆಯನ್ನು ಹೆಚ್ಚಿಸಿ ಶಟರ್ ವೇಗವನ್ನು ಪಡೆಯಬಹುದಾದರೂ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಹೆಚ್ಚುತ್ತದೆ.

ದ್ಯುತಿರಂಧ್ರ ದೊಡ್ಡದಾದಷ್ಟೂ ಸ್ಫುಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ವ್ಯಕ್ತಿಚಿತ್ರದಲ್ಲಿ ಹಿನ್ನೆಲೆಯನ್ನು ಮಸುಕುಗೊಳಿಸಲು ಇದು ಅನುಕೂಲ; ಮೂರು ಸಾಲಿನ ಗುಂಪುಚಿತ್ರದಲ್ಲಿ ಅನನುಕೂಲ.

ಕಂಪನ ನಿವಾರಣೆ

ಕೈಯ ನಡುಕವನ್ನು ಸರಿದೂಗಿಸುವ ವ್ಯವಸ್ಥೆಯುಳ್ಳ ಮೊದಲ ಎಸ್‌ಎಲ್‌ಆರ್ ಮಸೂರವನ್ನು ಕ್ಯಾನನ್ 1995ರಲ್ಲಿ ಹೊರತಂದಿತು. ಕ್ಯಾನನ್‌ನಲ್ಲಿ ಇದು 'ಐಎಸ್', ನಿಕಾನ್‌ನಲ್ಲಿ 'ವಿಆರ್', ಟ್ಯಾಮ್ರಾನ್‌ನಲ್ಲಿ 'ವಿಸಿ', ಸಿಗ್ಮಾದಲ್ಲಿ 'ಓಎಸ್' ಎಂಬ ಅಕ್ಷರಗಳಿಂದ ಸೂಚಿತವಾಗುತ್ತದೆ. ಪೆಂಟ್ಯಾಕ್ಸ್ ಮತ್ತು ಸೋನಿ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಈ ವ್ಯವಸ್ಥೆ ಒಡಲಿನಲ್ಲೇ ಇದೆ.

ಈ ವ್ಯವಸ್ಥೆ ನಿಲ್ಲಿಸುವುದು ಛಾಯಾಗ್ರಾಹಕನ ಕೈಯನ್ನೇ ಹೊರತು ಎದುರಿಗಿರುವವರನ್ನಲ್ಲ. ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿ ಸುತ್ತು ಹಾಕುವಾಗ ಸೆಕೆಂಡಿನ ಹದಿನೈದನೆಯ ಭಾಗದಲ್ಲಿ ಚಿತ್ರ ತೆಗೆದರೆ, ರಂಗದ ಕಂಬಗಳು ಸ್ಫುಟವಾಗಿಯೂ ಕಲಾವಿದ ಬಣ್ಣದ ಮಸುಕಾಗಿಯೂ ಮೂಡುತ್ತಾನೆ. ಚಲನೆಯನ್ನು ಹಿಡಿದು ನಿಲ್ಲಿಸಲು ಶಟರ್ ವೇಗ ಬೇಕು, ಅದಕ್ಕೆ ದೊಡ್ಡ ದ್ಯುತಿರಂಧ್ರ ಬೇಕು. ಕತ್ತಲ ನವರಂಗದ ಅಲುಗದ ಶಿಲ್ಪಕ್ಕಾದರೆ ಕಂಪನ ನಿವಾರಣೆ ನಿಜಕ್ಕೂ ವರದಾನ. ಇವೆರಡರ ವ್ಯತ್ಯಾಸ ತಿಳಿಯದೆ ಮಸೂರ ಕೊಂಡವರೇ ಮುಂದೆ ಹೆಚ್ಚು ನಿರಾಶರಾಗುವುದು.

ಪ್ರಚಲಿತ ಬಗೆಗಳು

ಎಪಿಎಸ್-ಸಿ ಕ್ಯಾಮೆರಾಗಳಿಗೆ ಸಲ್ಲುವ ಸರ್ವೋಪಯೋಗಿ ಮಸೂರಗಳಲ್ಲಿ ಅತ್ಯಂತ ಅಗ್ಗದ್ದು 18–55 ಮಿ.ಮೀ. ಕಿಟ್ ಮಸೂರ. ಇದರ ಜೂಮ್ ಅನುಪಾತ ಮೂರು ಪಟ್ಟು, ತೂಕ 200ರಿಂದ 265 ಗ್ರಾಂ ಆಸುಪಾಸು. ಪ್ಲಾಸ್ಟಿಕ್ ಕಟ್ಟಡದ ಕಾರಣ ಇದನ್ನು ಹೀಗಳೆಯುವುದು ರೂಢಿಯಾಗಿದೆ. ಆದರೆ ಕಂಪನ ನಿವಾರಣೆಯುಳ್ಳ ಇತ್ತೀಚಿನ ಕಿಟ್ ಮಸೂರಗಳು ಎಫ್/8ರಲ್ಲಿ ಕೊಡುವ ಚಿತ್ರದ ಸ್ಫುಟತೆ ಸಾಮಾನ್ಯ ಮುದ್ರಣಕ್ಕೆ ಧಾರಾಳವಾಗಿ ಸಾಕು.

ಇದರ ಮೇಲಿನ ಹಂತದಲ್ಲಿ ನಿಕಾನ್ 16–85, ನಿಕಾನ್ 18–140, ಕ್ಯಾನನ್ 15–85, ಕ್ಯಾನನ್ 18–135 ಮಿ.ಮೀ. ಮೊದಲಾದವು ಬರುತ್ತವೆ. ಒಂದೇ ಮಸೂರ ಹೊತ್ತು ಊರೂರು ತಿರುಗುವವರಿಗೆ ಈ ಗುಂಪು ಹೆಚ್ಚು ಸಮತೂಕದ್ದು.

18–200, 18–300, 18–400 ಮಿ.ಮೀ. ಮಸೂರಗಳನ್ನು 'ಸೂಪರ್‌ಜೂಮ್' ಎನ್ನುತ್ತಾರೆ. ಹನ್ನೊಂದು ಪಟ್ಟಿನಿಂದ ಇಪ್ಪತ್ತೆರಡು ಪಟ್ಟಿನವರೆಗೆ ಜೂಮ್ ಮಾಡಬಲ್ಲ ಗಾಜಿನ ಜೋಡಣೆಯನ್ನು ಎಲ್ಲ ಸಂಗಮದೂರಗಳಲ್ಲೂ ಸಮಾನವಾಗಿ ತಿದ್ದುವುದು ಕಷ್ಟ. ಆದ್ದರಿಂದ ವಿಶಾಲ ನೋಟದಲ್ಲಿ ಗೆರೆಗಳು ಪೀಪಾಯಿಯಂತೆ ಹೊರಕ್ಕೂ, ದೂರನೋಟದಲ್ಲಿ ಒಳಕ್ಕೂ ಬಾಗುತ್ತವೆ. ಅಂಚುಗಳಲ್ಲಿ ಬಣ್ಣದ ಎಳೆ ಕಾಣಿಸಿಕೊಳ್ಳಬಹುದು. ಹತ್ತಿರದ ವಸ್ತುವಿಗೆ ಸ್ಫುಟಗೊಳಿಸಿದಾಗ ಈ ಬಗೆಯ ಅನೇಕ ಮಸೂರಗಳ ನಿಜವಾದ ಸಂಗಮದೂರ ಬರೆದ ಸಂಖ್ಯೆಗಿಂತ ಗಮನಾರ್ಹವಾಗಿ ಕಡಿಮೆಯಿರುತ್ತದೆ. ನಿಕಾನ್ 18–200ರ ಮೊದಲ ಆವೃತ್ತಿಯನ್ನು ಕೆಳಮುಖವಾಗಿ ಹಿಡಿದರೆ ಕೊಳವೆ ತಾನಾಗಿಯೇ ಜಾರುತ್ತಿತ್ತು; 2009ರ ಆವೃತ್ತಿಗೆ ಬೀಗದ ಗುಂಡಿ ಸೇರಿತು. ಇಷ್ಟಾದರೂ ಇವುಗಳ ಪರವಾಗಿ ಒಂದು ಬಲವಾದ ವಾದವಿದೆ. ಜಾತ್ರೆಯ ಧೂಳಿನಲ್ಲಿ ರಥ ಎದುರಿಗೆ ಬರುತ್ತಿರುವಾಗ ಮಸೂರ ಬದಲಿಸುವುದೆಂದರೆ ಸಂವೇದಕದ ಮೇಲೆ ಧೂಳನ್ನು ಆಹ್ವಾನಿಸಿ, ಜೊತೆಗೆ ಆ ಗಳಿಗೆಯನ್ನೂ ಕಳೆದುಕೊಂಡಂತೆ. ಪಕ್ಷಿಚಿತ್ರಣವನ್ನೇ ಗಂಭೀರವಾಗಿ ಮಾಡಬೇಕೆನ್ನುವವರಿಗೆ ಮಾತ್ರ ಪ್ರತ್ಯೇಕ ದೂರನೋಟದ ಮಸೂರವೇ ಗತಿ.

ನಾಲ್ಕನೆಯ ಬಗೆ ಉದ್ದಕ್ಕೂ ಎಫ್/2.8 ಉಳಿಸಿಕೊಳ್ಳುವ ಜೂಮ್‌ಗಳದ್ದು. 2006ರಲ್ಲಿ ಬಂದ ಕ್ಯಾನನ್ 17–55 ಮತ್ತು ಟ್ಯಾಮ್ರಾನ್ 17–50 ಮಿ.ಮೀ. ಇದಕ್ಕೆ ನಿದರ್ಶನ. ಮದುವೆಮನೆ, ಸಭಾಂಗಣ ಮುಂತಾದೆಡೆ ಇವುಗಳಿಗೆ ಸಾಟಿಯಿಲ್ಲ. ತೂಕ ಮತ್ತು ಬೆಲೆ ಎರಡೂ ಹೆಚ್ಚು. ಕ್ಯಾನನ್‌ನದು 645 ಗ್ರಾಂ.

ಈ ಎಲ್ಲದರ ನಡುವೆ ಹೊಸಬರಿಗೆ ಹೆಚ್ಚು ಹಿತವಾದುದು ಕಿಟ್ ಮಸೂರವನ್ನು ಉಳಿಸಿಕೊಂಡು, ಅದರ ಜೊತೆಗೆ ನಿಕಾನ್ 35 ಮಿ.ಮೀ. ಎಫ್/1.8 ಅಥವಾ ಕ್ಯಾನನ್ 50 ಮಿ.ಮೀ. ಎಫ್/1.8ರಂಥ ಒಂದು ಸ್ಥಿರ ಮಸೂರವನ್ನು ಸೇರಿಸುವುದು. ಮೊದಲನೆಯದು ಹಗಲಿಗೆ, ಎರಡನೆಯದು ಕತ್ತಲಿಗೆ ಮತ್ತು ಮುಖಗಳಿಗೆ. ಸೂಪರ್‌ಜೂಮ್ ಒಂದನ್ನು ಕೊಂಡವರಿಗೆ ಮನೆಯೊಳಗಿನ ಬೆಳಕಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ಗುಂಪುಚಿತ್ರದ ಸಮಸ್ಯೆ

ಶಾಲೆ ಕಾಲೇಜುಗಳ ವರ್ಷಾಂತ್ಯದ ಗುಂಪುಚಿತ್ರದಲ್ಲಿ ಸಾಲಿನ ಎರಡೂ ತುದಿಯಲ್ಲಿ ನಿಂತ ಮಕ್ಕಳು ಅಗಲವಾಗಿ, ಹಿಗ್ಗಿದಂತೆ ಕಾಣುವುದನ್ನು ಬಹಳ ಮಂದಿ ಗಮನಿಸಿರಬಹುದು. ತಪ್ಪು ಮಕ್ಕಳದಲ್ಲ. ಛಾಯಾಗ್ರಾಹಕ ಹತ್ತಿರ ನಿಂತು 18 ಮಿ.ಮೀ.ನಲ್ಲಿ ಎಲ್ಲರನ್ನೂ ತುಂಬಿಸಿರುತ್ತಾನೆ. ವಿಶಾಲಕೋನದ ಮಸೂರ ಸರಳರೇಖೆಯನ್ನು ಸರಳವಾಗಿ ಉಳಿಸಿದಾಗಲೂ ಅಂಚಿನ ದುಂಡನೆಯ ಆಕೃತಿಗಳನ್ನು ಹೊರಕ್ಕೆ ಎಳೆಯುತ್ತದೆ. ಆಟದ ಮೈದಾನದಲ್ಲಿ ಇನ್ನಷ್ಟು ಹೆಜ್ಜೆ ಹಿಂದೆ ಸರಿದು, 30ರಿಂದ 35 ಮಿ.ಮೀ.ಗೆ ಜೂಮ್ ಮಾಡಿ, ಎಫ್/8ರಲ್ಲಿ ತೆಗೆದರೆ ಮುಖಗಳು ಸಹಜವಾಗಿಯೂ ಹಿಂದಿನ ಸಾಲು ಸ್ಫುಟವಾಗಿಯೂ ಬರುತ್ತವೆ. ಇದಕ್ಕೆ ಹೊಸ ಮಸೂರ ಬೇಕಿಲ್ಲ, ಕಿಟ್ ಮಸೂರವೇ ಸಾಕು. ನಲವತ್ತು ವರ್ಷಗಳ ನಂತರವೂ ಮನೆಯ ಗೋಡೆಯ ಮೇಲೆ ಉಳಿಯುವ ಚಿತ್ರ ಅದಾದ್ದರಿಂದ ಇಷ್ಟು ವಿವರ ಅನಗತ್ಯವೆನಿಸದು.

ಹೊಂದಾಣಿಕೆ

ಮಸೂರವು ಕ್ಯಾಮೆರಾದ 'ಮೌಂಟ್'ಗೆ ಹೊಂದಬೇಕು. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ ಮೌಂಟ್ 1987ರದು. ಒಂದಕ್ಕೆ ಮಾಡಿದ ಮಸೂರ ಇನ್ನೊಂದಕ್ಕೆ ನೇರವಾಗಿ ಕೂಡುವುದಿಲ್ಲ. ಒಂದೇ ಸಂಸ್ಥೆಯೊಳಗೂ ತೊಡಕುಗಳಿವೆ. ಕ್ಯಾನನ್‌ನ ಇಎಫ್-ಎಸ್ ಮಸೂರ ಅದೇ ಸಂಸ್ಥೆಯ ಫುಲ್ ಫ್ರೇಮ್ ಎಸ್‌ಎಲ್‌ಆರ್‌ಗೆ ಹೊಂದದು. ನಿಕಾನ್ ಡಿ40, ಡಿ3000, ಡಿ5000 ಮುಂತಾದ ಆರಂಭಿಕ ಒಡಲುಗಳಲ್ಲಿ ಸ್ಫುಟಗೊಳಿಸುವ ಮೋಟಾರ್ ಇಲ್ಲದ ಕಾರಣ, ಮೋಟಾರನ್ನು ತನ್ನೊಳಗೇ ಹೊಂದಿರುವ ಮಸೂರ ಬೇಕಾಗುತ್ತದೆ. ಇಲ್ಲದಿದ್ದರೆ ಕೈಯಿಂದಲೇ ತಿರುಗಿಸಬೇಕು. ಇದಕ್ಕೆ ತದ್ವಿರುದ್ಧವಾಗಿ, 2016ರಿಂದ ಬಂದ ಎಎಫ್-ಪಿ ಮಸೂರಗಳು ಡಿ90ರಂಥ ಹಳೆಯ ಒಡಲಿನಲ್ಲಿ ಕೆಲಸ ಮಾಡವು.

2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟನ್ನೂ ನಿಕಾನ್ ಜೆಡ್ ಮೌಂಟನ್ನೂ ಪರಿಚಯಿಸಿ ಕನ್ನಡಿರಹಿತ ಕ್ಯಾಮೆರಾಗಳತ್ತ ಹೊರಳಿದವು. ಅಡಾಪ್ಟರ್ ಮೂಲಕ ಎಸ್‌ಎಲ್‌ಆರ್ ಮಸೂರಗಳನ್ನು ಅವುಗಳಲ್ಲಿಯೂ ಬಳಸಬಹುದು. ಹೊಸ ಕ್ಯಾಮೆರಾಕ್ಕೆ ಹೋಗುವವರು ಹಳೆಯ ಮಸೂರಗಳನ್ನು ಮಾರುವುದರಿಂದ ಬಳಸಿದ ಮಸೂರಗಳ ಮಾರುಕಟ್ಟೆ ವಿದ್ಯಾರ್ಥಿಗಳಿಗೆ ಅನುಕೂಲಕರವಾಗಿದೆ.

ಆಯ್ಕೆ ಮತ್ತು ಪರೀಕ್ಷೆ

ಡಿಜಿಟಲ್ ಚಿತ್ರದ ಕಡತದಲ್ಲಿ ಅದನ್ನು ತೆಗೆದ ಸಂಗಮದೂರ, ದ್ಯುತಿರಂಧ್ರ ಮತ್ತು ಶಟರ್ ವೇಗ ದಾಖಲಾಗಿರುತ್ತವೆ. ಕಿಟ್ ಮಸೂರದಲ್ಲಿ ಕೆಲವು ತಿಂಗಳು ಚಿತ್ರ ತೆಗೆದು ಈ ದಾಖಲೆಯನ್ನು ನೋಡಿದರೆ ಸ್ವಂತ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಬಹುಪಾಲು ಚಿತ್ರಗಳು 18ರಲ್ಲೇ ಇದ್ದರೆ ಬೇಕಾದುದು ಇನ್ನೂ ವಿಶಾಲವಾದ ನೋಟ. 55ರಲ್ಲೇ ಇದ್ದರೆ ದೂರನೋಟ. ಶಟರ್ ವೇಗ ಸದಾ ಕಡಿಮೆಯಿದ್ದು ಚಿತ್ರಗಳು ಕಲಸಿದ್ದರೆ ಬೆಳಕು.

ಬಳಸಿದ ಮಸೂರ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ಮುಂದಿನಿಂದ ನೋಡಬೇಕು. ಒಂದೆರಡು ಧೂಳಿನ ಕಣಗಳು ಚಿತ್ರಕ್ಕೆ ತೊಂದರೆ ಮಾಡವು. ಜೇಡರ ಬಲೆಯಂತೆ ಕವಲೊಡೆದ ಬಿಳಿಯ ಎಳೆಗಳಿದ್ದರೆ ಅದು ಶಿಲೀಂಧ್ರ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವದಲ್ಲಿ ಇದು ಸುಲಭವಾಗಿ ಬೆಳೆದು ಗಾಜಿನ ಲೇಪನವನ್ನು ತಿಂದುಹಾಕುತ್ತದೆ. ಮಸೂರವನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಬೀರುವಿನೊಳಗೆ ಇಟ್ಟು ಮರೆಯುವುದು ಇದಕ್ಕೆ ಅತ್ಯುತ್ತಮ ಗೊಬ್ಬರ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್‌ನ ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸುವುದು ಸರಳ ಉಪಾಯ. ಕೆಲವರು ಜೆಲ್ ಬದಲು ಅಕ್ಕಿ ಹಾಕುವುದುಂಟು. ಅಕ್ಕಿಯ ಹುಡಿ ಜೂಮ್ ಕೊಳವೆಯ ಸಂದಿಗೆ ಸೇರುವುದರಿಂದ ಅದು ತಕ್ಕುದಲ್ಲ.