ಕೂಗು ಕೇಳಿ ಹಳಿ ದಾಟುತ್ತಿದ್ದ ಕಾಲ

ಹುಲಿಯೂರುದುರ್ಗಕ್ಕೆ ಇವತ್ತಿಗೂ ರೈಲಿಲ್ಲ. ಬೋರಲು ಹಾಕಿದ ಬಟ್ಟಲಿನಂಥ ದುರ್ಗದ ಬೆಟ್ಟದ ತಪ್ಪಲಿನವರು ರೈಲು ಹತ್ತಬೇಕೆಂದರೆ ಮದ್ದೂರಿಗೋ ತುಮಕೂರಿಗೋ ಹೋಗಬೇಕಿತ್ತು. ತಾಲ್ಲೂಕು ಕೇಂದ್ರ ಕುಣಿಗಲ್ಲಿಗೇ ರೈಲು ಬಂದದ್ದು ಬೆಂಗಳೂರು–ಹಾಸನ ನೇರ ಮಾರ್ಗ ಪೂರ್ತಿಯಾದ 2017ರಲ್ಲಿ. ಹಾಗಾಗಿ ಹಳಿ ದಾಟುವ ರೂಢಿ ನಮ್ಮ ಜಿಲ್ಲೆಯಲ್ಲಿ ಎಲ್ಲ ಕಡೆ ಒಂದೇ ವಯಸ್ಸಿನದಲ್ಲ. ತುಮಕೂರು, ಗುಬ್ಬಿಯವರಿಗೆ ಅದು ಮುತ್ತಜ್ಜನ ಕಾಲದ್ದು, ಕುಣಿಗಲ್ ಕಡೆಯವರಿಗೆ ಮೊನ್ನೆ ಮೊನ್ನೆಯದು.

ಮೈಸೂರು ಸಂಸ್ಥಾನ ತಾನೇ ಹಾಕಿಸಿದ ಮೊದಲ ರೈಲು ಮಾರ್ಗಕ್ಕೆ 1876–78ರ ಘೋರ ಬರದ ನಂಟಿದೆ. ಹಸಿದವರಿಗೆ ಕೂಲಿ ಕೊಡಲೆಂದು ಮಣ್ಣು ಹೊರಿಸಿ ಹಾಕಿದ ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಮುಗಿಯಿತು. ತುಮಕೂರು, ಗುಬ್ಬಿಗೆ ಮೀಟರ್ ಗೇಜ್ ರೈಲು ಬಂದದ್ದು 1884ರಲ್ಲಿ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಗುಬ್ಬಿಗೆ ಅದು ಸದ್ದಿನ ವರ್ಷವೇ ಸರಿ.

ಉಗಿಬಂಡಿಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತಿತ್ತು. ಕಬ್ಬಿಣದ ಗಡಗಡ, ಬುಸುಗುಟ್ಟುವ ಉಗಿ, ದೂರದ ಕೂಗು. ಹೊಲಕ್ಕೆ ಹೋಗುವವರು, ದನ ಹೊಡೆದುಕೊಂಡು ಬರುವವರು ಕೂಗು ಕೇಳಿ ನಿಲ್ಲುತ್ತಿದ್ದರು. ರೈಲ್ವೆಯವರ ಸುರಕ್ಷತೆಯ ಲೆಕ್ಕವೂ ಕಿವಿಯ ಮೇಲೇ ನಿಂತಿದೆ. ಗೇಟಿಗೆ 600 ಮೀಟರ್ ಮೊದಲು ಹಳದಿ ಫಲಕವೊಂದು ಇರುತ್ತದೆ, ಅದರ ಮೇಲೆ ‘ಸೀ/ಫಾ’ ಎಂದು ಹಿಂದಿ ಅಕ್ಷರ. ಸೀಟಿ, ಫಾಟಕ್ ಎಂಬುದರ ಚುಟುಕು. (ಅದನ್ನು ಬೀಜಮಂತ್ರ ಎಂದುಕೊಂಡವರೂ ಇರಬಹುದು.) ಅಲ್ಲಿಂದ ಗೇಟು ದಾಟುವ ತನಕ ಡ್ರೈವರ್ ಕೂಗು ಹಾಕುತ್ತಲೇ ಬರಬೇಕು.

ಆ 600 ಮೀಟರನ್ನು ಗಂಟೆಗೆ 40 ಕಿ.ಮೀ. ವೇಗದ ಬಂಡಿ ದಾಟಲು 54 ಸೆಕೆಂಡು ಬೇಕು. ನೂರು ಕಿ.ಮೀ. ವೇಗದ್ದಕ್ಕೆ 22 ಸೆಕೆಂಡು ಸಾಕು. ಮುದುಕಿಯೊಬ್ಬಳು ಹುಲ್ಲಿನ ಹೊರೆ ಹೊತ್ತು ಜಲ್ಲಿ ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕು, ನೀವೇ ಎಣಿಸಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಆಮೇಲೆ ವಿದ್ಯುತ್ ಬಂತು, 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ತುಮಕೂರಿನ ಮೇಲೆ ಓಡುತ್ತಿದೆ. ರೈಲಿನ ಸದ್ದು ಇಳಿಯಿತು, ವೇಗ ಏರಿತು. ಅದೇ ಹೊತ್ತಿಗೆ ನಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆವು.

2017ರ ಅಕ್ಟೋಬರ್‌ನಲ್ಲಿ ಬಿಡದಿ ಬಳಿ ಮೂವರು ವಿದ್ಯಾರ್ಥಿಗಳು ರೈಲಿಗೆ ಸಿಕ್ಕಿ ಸತ್ತರು. ಹಳಿಯ ಮೇಲೆ ಸೆಲ್ಫಿ ತೆಗೆಯುತ್ತಿದ್ದರೆಂಬ ಶಂಕೆ ಸುದ್ದಿಯಾಯಿತು. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಕಾವಲಿಲ್ಲದ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಹೋದರು. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ವರದಿಗಳು ಹೇಳಿದವು. ಆದರೆ ಎಲ್ಲವನ್ನೂ ಮೊಬೈಲ್ ತಲೆಗೆ ಕಟ್ಟುವುದು ಸುಲಭದ ಮಾತು. ಹಳಿ ಅಕ್ರಮವಾಗಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15 ಸಾವಿರ ಜನ ಸಾಯುತ್ತಾರೆಂದು ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು. ಐದು ವರ್ಷದೊಳಗೆ ಎಲ್ಲ ಗೇಟುಗಳನ್ನೂ ತೆಗೆದು ಸೇತುವೆ, ಕೆಳದಾರಿ ಮಾಡಿ ಎಂದೂ ಹೇಳಿತ್ತು.

ಬ್ರಾಡ್ ಗೇಜಿನ ಕಾವಲಿಲ್ಲದ ಗೇಟುಗಳೆಲ್ಲ 2019ರ ಜನವರಿಗೆ ಮುಗಿದವು. ದೊಡ್ಡ ಕೆಲಸವೇ. ಆದರೆ ಕೆಲವು ಗೇಟುಗಳನ್ನು ಸುಮ್ಮನೆ ಮುಚ್ಚಿದರು, ಕೆಲವೆಡೆ ಅಂಡರ್‌ಪಾಸ್ ತೋಡಿದರು. ಮಳೆ ಬಂದಾಗ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತರೆ ಬೈಕಿನವರು ಸುತ್ತಿಕೊಂಡು ಹೋಗುತ್ತಾರೆ, ನಡೆಯುವವರು ಹಳಿ ಹತ್ತುತ್ತಾರೆ. ಗೇಟಿದ್ದ ಜಾಗದಲ್ಲೇ ದಾಟುತ್ತಾರೆ, ಈಗ ಅಲ್ಲಿ ಗೇಟ್‌ಮ್ಯಾನ್ ಇಲ್ಲ.

ಹಾಗೆ ದಾಟುವವರು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮಣಕಾರರು. ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಟಿಕೆಟ್ ಪಡೆದ ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ ಮನೆಯವರಿಗೆ 8 ಲಕ್ಷ ಪರಿಹಾರವಿದೆ. ಹೊಲಕ್ಕೆ ಹೋಗಲು ಹಳಿ ದಾಟಿ ಸತ್ತವಳು ಆ ಲೆಕ್ಕಕ್ಕೆ ಬರುವುದಿಲ್ಲ.