ಕಾಲಿಗೊಪ್ಪುವ ಹಾಡು: ಆರಿಸಿದವರು ಯಾರು?

ಹಾಡನ್ನು ಕಿವಿಗಾಗಿ ಆರಿಸುವುದು ಲೋಕರೂಢಿ. ಕಾಲಿಗಾಗಿಯೇ ಆರಿಸಬೇಕಾದ ಪ್ರಸಂಗ ಜಪಾನಿನ ಕೊನಾಮಿ ಕಂಪನಿಗೆ ಒದಗಿದ್ದು 1998ರಲ್ಲಿ. ಆ ವರ್ಷ ಅದು ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಯಂತ್ರವನ್ನು ಅಲ್ಲಿನ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ತಂದು ನಿಲ್ಲಿಸಿತು. ಆಟ ಸರಳ. ಪರದೆಯ ಮೇಲೆ ಬಾಣದ ಗುರುತುಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅವು ಮೇಲಿನ ಸಾಲನ್ನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಆಟಗಾರ ತನ್ನ ಕಾಲಡಿಯ ನಾಲ್ಕು ಬಾಣಗಳಲ್ಲಿ ತಕ್ಕುದನ್ನು ತುಳಿಯಬೇಕು. ತಾಳ ತಪ್ಪಿದರೆ ಅಂಕ ಹೋಯಿತು; ತಪ್ಪುತ್ತಲೇ ಇದ್ದರೆ ಆಟವೇ ಮುಗಿಯಿತು. 1999ರ ಏಪ್ರಿಲ್‌ನಲ್ಲಿ ಇದೇ ಆಟ ಸೋನಿಯ ಪ್ಲೇಸ್ಟೇಷನ್‌ಗೆ ಬಂದು ಮನೆಯೊಳಗೆ ಕಾಲಿಟ್ಟಿತು. ಗಟ್ಟಿ ವೇದಿಕೆಯ ಜಾಗಕ್ಕೆ ನೆಲದ ಮೇಲೆ ಹಾಸುವ ಚಾಪೆ ಬಂತು.

ಮನೆಗೆ ಬಂದುದರಿಂದ ಬದಲಾದದ್ದು ಚಾಪೆ ಮಾತ್ರವಲ್ಲ. ಪಾರ್ಲರಿನಲ್ಲಿ ಹಾಕಿದ ನಾಣ್ಯಕ್ಕೆ ಕೆಲವೇ ಹಾಡು. ಆರಿಸುವಾಗಲೂ ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿರುತ್ತವೆ, ಬೆನ್ನ ಹಿಂದೆ ಸರದಿ ಕಾಯುವವರು ನೋಡುತ್ತಿರುತ್ತಾರೆ. ಅಲ್ಲಿ ಹೊಸ ಹಾಡಿಗೆ ಕೈಹಾಕುವುದೆಂದರೆ ಹಣ, ಮಾನ ಎರಡನ್ನೂ ಪಣಕ್ಕಿಟ್ಟಂತೆ. ಮನೆಯಲ್ಲಿ ಆ ಗೊಡವೆಯಿಲ್ಲ. ಪಟ್ಟಿಯನ್ನು ಹಿಂದೆ ಮುಂದೆ ಸರಿಸಬಹುದು, ಪ್ರತಿ ಹಾಡಿನ ತುಣುಕನ್ನು ಕೇಳಬಹುದು, ಕಷ್ಟದ ಅಳತೆಯಾಗಿ ಪಕ್ಕದಲ್ಲಿ ಸಾಲಾಗಿ ಮೂಡುವ ಪುಟ್ಟ ಪಾದದ ಗುರುತುಗಳನ್ನು ಎಣಿಸಬಹುದು. ಸೋತ ಹಾಡನ್ನೇ ಹತ್ತು ಬಾರಿ ಮತ್ತೆ ಹಾಕಬಹುದು. ಆರಿಸುವವನು ತಾನೇ ಎಂದು ಆಟಗಾರ ನಂಬಿದ್ದರೆ ತಪ್ಪೇನಲ್ಲ. ಆದರೆ ಆ ಪಟ್ಟಿ ಅವನ ಮುಂದೆ ಬರುವ ಮೊದಲೇ ಅದನ್ನು ಬೇರೆ ಯಾರು ಯಾರೋ ಸೋಸಿರುತ್ತಿದ್ದರು.

ಮೊದಲು ಸೋಸಿದ್ದು ಧ್ವನಿಮುದ್ರಣ ಕಂಪನಿ. ಜಪಾನಿನ ತೋಷಿಬಾ-ಇಎಂಐ ಆಗ ‘ಡ್ಯಾನ್ಸ್‌ಮೇನಿಯಾ’ ಎಂಬ ಹೆಸರಿನಲ್ಲಿ ಕುಣಿತದ ಹಾಡುಗಳ ಸಂಕಲನಗಳನ್ನು ಒಂದರ ಮೇಲೊಂದರಂತೆ ಹೊರತರುತ್ತಿತ್ತು. ಕೊನಾಮಿ ಅನುಮತಿ ಪಡೆದು ತಂದ ಹಾಡುಗಳು ಆ ಬುಟ್ಟಿಯವು. ಒಲಿವಿಯಾ ನ್ಯೂಟನ್-ಜಾನ್ 1975ರಲ್ಲಿ ಮೆಲುದನಿಯಲ್ಲಿ ಹಾಡಿದ್ದ ಗೀತೆಯೊಂದು ಇಲ್ಲಿ ಕುಣಿತದ ವೇಷ ತೊಟ್ಟು ಬಂತು, ಸ್ವೀಡನ್ನಿನ ‘ಸ್ಮೈಲ್.ಡಿಕೆ’ ಜೋಡಿಯ ‘ಬಟರ್‌ಫ್ಲೈ’ ಈ ಆಟದ ಗುರುತೇ ಆಗಿಹೋಯಿತು. ಆ ಮೊದಲ ಪಟ್ಟಿಯಲ್ಲಿ ‘ಕುಂಗ್ ಫು ಫೈಟಿಂಗ್’ ಕೂಡ ಇತ್ತು. ಅದು 1998ರ ಮರುರೂಪ. ಮೂಲ 1974ರದು, ಹಾಡಿದವರು ಕಾರ್ಲ್ ಡಗ್ಲಸ್. ಅದನ್ನು ನಿರ್ಮಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕೊಡವ, ಬಿದ್ದು ಅಪ್ಪಯ್ಯ! ತಟ್ಟೆಯ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿಕೊಂಡ ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತ್ತು. ಕಾಲು ಶತಮಾನದ ಬಳಿಕ ಜಪಾನಿನ ಹುಡುಗರು ಅದಕ್ಕೆ ಹೆಜ್ಜೆ ಹಾಕಿದರು.

ಎರಡನೆಯ ಸೋಸುವಿಕೆ ತಾಳದ್ದು. ಮೊದಮೊದಲ ಆವೃತ್ತಿಗಳಲ್ಲಿ ಹಾಡಿನ ಲಯಕ್ಕೂ ಬಾಣಗಳ ಓಟಕ್ಕೂ ನೇರ ನಂಟಿತ್ತು. ಲಯ ದ್ರುತವಾದರೆ ಬಾಣಗಳು ಧಾವಿಸುತ್ತವೆ. ವಿಳಂಬವಾದರೆ ಒಂದರ ಬೆನ್ನಿಗೊಂದು ಅಂಟಿಕೊಂಡು ಓದಲು ಬರುವುದಿಲ್ಲ. ಕೈಯಿಂದ ನುಡಿಸಿದ ಡ್ರಮ್ಮಿನಲ್ಲಿ ಲಯ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುವುದು ಸಹಜ, ಅದೇ ಅದರ ಸೊಗಸು. ಬಾಣ ಜೋಡಿಸುವವರಿಗೆ ಮಾತ್ರ ಅದು ತಲೆನೋವು. ಯಂತ್ರದ ತಾಳವನ್ನೇ ಬೆನ್ನೆಲುಬು ಮಾಡಿಕೊಂಡ ಯೂರೋಪಿನ ಕುಣಿತದ ಸಂಗೀತ ಇಲ್ಲಿ ಹೇಳಿಮಾಡಿಸಿದಂತಿತ್ತು. ಆಯ್ದ ಹಾಡನ್ನೂ ಪೂರ್ತಿ ಉಳಿಸುವಂತಿಲ್ಲ. ಸುಮಾರು ಒಂದೂವರೆ ನಿಮಿಷಕ್ಕೆ ಕತ್ತರಿಸಬೇಕು. ಚರಣ ಹೋಗಿ ಪಲ್ಲವಿ ಉಳಿಯುತ್ತದೆ.

ಹೀಗಿರುವಾಗ ಹಾಡನ್ನು ಹೊರಗಿನಿಂದ ತರುವುದೇಕೆ, ಮನೆಯಲ್ಲೇ ಹೊಸೆದರಾಯಿತಲ್ಲ? ಕೊನಾಮಿಯ ಸಂಗೀತಗಾರ ನಾವೋಕಿ ಮಾಯೆದಾ ಅದನ್ನೇ ಮಾಡಿದರು. ಮೊದಲ ಪಟ್ಟಿಯ ‘ಪ್ಯಾರನೋಯಾ’ ಅವರದು. ನಿಮಿಷಕ್ಕೆ 180 ಬಡಿತ. ಕಲಾವಿದನ ಹೆಸರಿನ ಜಾಗದಲ್ಲಿ ಬರೆದದ್ದೂ ‘180’ ಎಂದೇ! ‘ಟ್ರಿಪ್ ಮಷೀನ್’ಗೆ ‘ಡಿ-ಸೈರ್’ ಎಂಬ ಇನ್ನೊಂದು ಹೆಸರು. ಒಬ್ಬರೇ ಹತ್ತಾರು ಹೆಸರಿನಲ್ಲಿ ಬರೆದುದರಿಂದ ಪಟ್ಟಿ ನೋಡಿದವರಿಗೆ ದೊಡ್ಡ ತಂಡವೇ ದುಡಿದಂತೆ ಕಾಣುತ್ತಿತ್ತು. 2001ರ ‘ಡಿಡಿಆರ್‌ಮ್ಯಾಕ್ಸ್’ಗೆ ಅವರು ಕೊಟ್ಟ ‘ಮ್ಯಾಕ್ಸ್ 300’ರ ವೇಗ ಹೆಸರಿನಲ್ಲೇ ಇದೆ. ಇವು ಕಿವಿಗೆ ಹಿತವೆಂದು ಹೇಳುವುದು ಕಷ್ಟ, ಆದರೆ ಪಾದಕ್ಕೆಂದೇ ಹುಟ್ಟಿದ ಸಂಗೀತ. ಹಳಬರ ಬಾಯಲ್ಲಿ ಉಳಿದ ಹೆಸರುಗಳಲ್ಲಿ ಇವೇ ಮುಂದು.

ಮನೆಯ ಸಂಗೀತಕ್ಕೆ ಇನ್ನೊಂದು ಅನುಕೂಲವಿತ್ತು: ಯಾರ ಅಪ್ಪಣೆಯೂ ಬೇಡ. ಹೊರಗಿನ ಹಾಡಾದರೆ ರಚನೆಯ ಒಡೆಯನೊಬ್ಬ, ಧ್ವನಿಮುದ್ರಣದ ಒಡೆಯ ಇನ್ನೊಬ್ಬ. ಒಂದು ದೇಶಕ್ಕೆ ಕೊಟ್ಟ ಅನುಮತಿ ಇನ್ನೊಂದಕ್ಕೆ ಸಲ್ಲಬೇಕೆಂದಿಲ್ಲ. ಆದ್ದರಿಂದ ಒಂದೇ ಆಟಕ್ಕೆ ದೇಶಕ್ಕೊಂದು ಪಟ್ಟಿ. ಯೂರೋಪಿನಲ್ಲಿ ಹೆಸರೇ ‘ಡ್ಯಾನ್ಸಿಂಗ್ ಸ್ಟೇಜ್’ ಎಂದಾಯಿತು. ಅಮೆರಿಕದ ಪ್ಲೇಸ್ಟೇಷನ್‌ಗೆ 2002ರಲ್ಲಿ ಬಂದ ‘ಕೊನಾಮಿಕ್ಸ್’ನಲ್ಲಿ ಬಹುಪಾಲು ಕೊನಾಮಿಯ ಸ್ವಂತ ಹಾಡುಗಳೇ.

ಡಿಸ್ಕಿನ ಮಿತಿಯನ್ನು ದಾಟಲು ಜಪಾನಿನಲ್ಲಿ ಸೊಗಸಾದ ಉಪಾಯವೊಂದು ಹೊಳೆಯಿತು. 1999ರಲ್ಲಿ ‘ಅಪೆಂಡ್’ ಎಂಬ ಪೂರಕ ಡಿಸ್ಕುಗಳು ಬಂದವು. ಮೂಲ ಡಿಸ್ಕನ್ನು ಹಾಕಿ ಆಟ ಶುರುಮಾಡಿ, ಅದನ್ನು ತೆಗೆದು ಪೂರಕ ಡಿಸ್ಕನ್ನು ಇಟ್ಟರೆ ಹೊಸ ಪಟ್ಟಿ ತೆರೆಯುತ್ತಿತ್ತು. ಆದರೂ ಪಾರ್ಲರಿಗೆ ಸಮನಾಗಲು ಮನೆಗೆ ಆಗಲಿಲ್ಲ. 2002ರ ಪಾರ್ಲರ್ ಆವೃತ್ತಿ ‘ಎಕ್ಸ್‌ಟ್ರೀಮ್’ನಲ್ಲಿ 240 ಹಾಡುಗಳಿದ್ದವು, ಮರುವರ್ಷ ಜಪಾನಿನ ಮನೆಗಳಿಗೆ ಬಂದ ಡಿಸ್ಕಿನಲ್ಲಿ ಅದರ ಅರ್ಧವೂ ಇರಲಿಲ್ಲ.

2003ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ಗೆ ‘ಅಲ್ಟ್ರಾಮಿಕ್ಸ್’ ಬಂದಾಗ ಡಿಸ್ಕಿನ ಹಂಗೇ ತಪ್ಪಿದಂತೆ ತೋರಿತು. ಹೊಸ ಹಾಡುಗಳ ಕಟ್ಟುಗಳನ್ನು ಇಂಟರ್ನೆಟ್ಟಿನ ಮೂಲಕ ಕೊಂಡು ಯಂತ್ರದೊಳಗಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬಹುದಿತ್ತು. 2010ರ ಏಪ್ರಿಲ್ 15ರಂದು ಮೈಕ್ರೋಸಾಫ್ಟ್ ಆ ಹಳೆಯ ಎಕ್ಸ್‌ಬಾಕ್ಸ್‌ನ ಜಾಲಸೇವೆಯನ್ನು ನಿಲ್ಲಿಸಿತು. 1999ರ ಪ್ಲಾಸ್ಟಿಕ್ ಡಿಸ್ಕು ಕೈಯಿಂದ ಕೈಗೆ ಈಗಲೂ ಮಾರಾಟವಾಗುತ್ತದೆ. ಅಲ್ಟ್ರಾಮಿಕ್ಸ್‌ಗೆಂದು ಕೊಂಡ ಆ ಹಾಡುಗಳು ಮಾತ್ರ ಆಗ ಇಳಿಸಿಕೊಂಡವರ ಪೆಟ್ಟಿಗೆಗಳಲ್ಲಿವೆ, ಹಾರ್ಡ್ ಡಿಸ್ಕು ತಿರುಗುವಷ್ಟು ದಿನ.