ಸೋರಿದ ಪೆಟ್ರೋಲ್ ಯಾರದು? ಪ್ರಯೋಗಾಲಯ ಹೇಳುವುದೆಷ್ಟು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳು ಬಹುಕಾಲದಿಂದ ಕೊಳವೆಬಾವಿಗಳನ್ನು ನೆಚ್ಚಿಕೊಂಡು ಬಂದಿವೆ. ಇಲ್ಲಿನ ಅಂತರ್ಜಲವನ್ನು ಕಾಡುವ ಫ್ಲೋರೈಡ್ ಶಿಲೆಯಿಂದಲೇ ಕರಗಿ ಬರುವಂಥದು. ಅದಕ್ಕೆ ಯಾರನ್ನೂ ಹೊಣೆ ಮಾಡಲಾಗದು. ಪೆಟ್ರೋಲ್ ಹಾಗಲ್ಲ. ಬಂಕ್‌ನ ನೆಲದಡಿಯ ಟ್ಯಾಂಕ್ ಸೋರಿ ಇಂಧನ ಬಾವಿಯನ್ನು ಸೇರಿದರೆ, ಅದಕ್ಕೊಬ್ಬ ಮಾಲೀಕ ಇದ್ದೇ ಇರುತ್ತಾನೆ. ಆತನನ್ನು ಗುರುತಿಸುವಲ್ಲಿ ಪ್ರಯೋಗಾಲಯದ ಪಾತ್ರ ದೊಡ್ಡದು. ಆದರೆ ಅದೊಂದೇ ಸಾಲದು.

ಅಪಾಯವೆಷ್ಟು?

ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್‌ಗೆ ಅವಕಾಶವಿದೆ. ಲೆಕ್ಕ ಹಾಕಿದರೆ, ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರ್ ನೀರನ್ನು ಈ ಮಿತಿಯ ಅಂಚಿಗೆ ತರಬಲ್ಲದು.

ಪರೀಕ್ಷೆಯ ಬಗೆ

ಮಾದರಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಹಾಕಿದಾಗ ಅದರಲ್ಲಿನ ನೂರಾರು ರಾಸಾಯನಿಕಗಳು ಒಂದೊಂದಾಗಿ ಬೇರ್ಪಟ್ಟು ರೇಖಾಚಿತ್ರವಾಗಿ ಮೂಡುತ್ತವೆ. ಸೋರಿದ್ದು ಪೆಟ್ರೋಲೋ, ಸೀಮೆಎಣ್ಣೆಯೋ, ಡೀಸೆಲ್ಲೋ ಎಂಬುದು ಇದರಿಂದಲೇ ತಿಳಿಯುತ್ತದೆ. ಶಂಕಿತ ಟ್ಯಾಂಕಿನ ಇಂಧನದ ಚಿತ್ರದೊಡನೆ ಇದನ್ನು ಹೋಲಿಸಲಾಗುತ್ತದೆ.

ಸೋರಿಕೆಯ ವಯಸ್ಸಿಗೂ ಸುಳಿವುಗಳಿವೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ 2000ದ ಫೆಬ್ರವರಿಯಲ್ಲಿ ನಿಂತಿತು. ಆದ್ದರಿಂದ ಸೋರಿದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಕಂಡರೆ ಸೋರಿಕೆ ಹಳೆಯದೆಂದು ಶಂಕಿಸಬಹುದು. ಎಥನಾಲ್ ಕಂಡರೆ ಅದು ಇತ್ತೀಚಿನದು. ಆದರೆ ಎಥನಾಲ್ ನೀರಿನಲ್ಲಿ ಬೇಗ ಕರಗಿ ಸೂಕ್ಷ್ಮಜೀವಿಗಳ ಪಾಲಾಗುವುದರಿಂದ, ಅದು ಇಲ್ಲವೆಂದಮಾತ್ರಕ್ಕೆ ಸೋರಿಕೆ ಹಳೆಯದೆನ್ನಲಾಗದು.

ಎಲ್ಲಿ ತೊಡಕು?

ಒಂದೇ ಡಿಪೋದಿಂದ ಬಂದ ಪೆಟ್ರೋಲ್ ಅಕ್ಕಪಕ್ಕದ ಎರಡು ಬಂಕ್‌ಗಳಲ್ಲಿದ್ದರೆ ಎರಡರ ಚಿತ್ರವೂ ಬಹುತೇಕ ಒಂದೇ. ಆಗ ಟ್ಯಾಂಕಿನ ದಾಸ್ತಾನು ಲೆಕ್ಕ, ಸೋರಿಕೆ ಪರೀಕ್ಷೆ ಮತ್ತು ಅಂತರ್ಜಲ ಹರಿಯುವ ದಿಕ್ಕು ಸಾಕ್ಷ್ಯಗಳಾಗುತ್ತವೆ. ಈ ತಾಲ್ಲೂಕುಗಳಲ್ಲಿ ನೀರು ಗಟ್ಟಿ ಶಿಲೆಯ ಬಿರುಕುಗಳಲ್ಲಿ ಸಾಗುವುದರಿಂದ ಹತ್ತಿರದ ಬಂಕೇ ಕಾರಣವೆಂದು ಹೇಳಲಾಗದು.

ಅಮೆರಿಕದ ಸಾಂಟಾ ಮೋನಿಕಾ ನಗರ 1996ರಲ್ಲಿ ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕ ಸೇರಿದ್ದರಿಂದ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ನಂತರ ತೈಲ ಕಂಪನಿಗಳ ವಿರುದ್ಧ ದಾವೆ ಹೂಡಿ ಪರಿಹಾರ ಪಡೆಯಿತು.

ನೀರಿಗೆ ವಾಸನೆ ಬಂದರೆ

ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು; ಬಾವಿಯ ಬಳಿ ಬೆಂಕಿ ಹಚ್ಚಬಾರದು. ತಾಲ್ಲೂಕು ಆಡಳಿತ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ನೀಡಿ, ಅಧಿಕಾರಿಗಳ ಸಮ್ಮುಖದಲ್ಲಿ ಮಾದರಿ ತೆಗೆಸಬೇಕು. ಗಾಜಿನ ಸೀಸೆಯನ್ನು ಗಾಳಿಗೆ ಎಡೆಯಿಲ್ಲದಂತೆ ತುಂಬಿ, ಮೊಹರು ಹಾಕಿ, ಮಂಜುಗಡ್ಡೆಯಲ್ಲಿಟ್ಟು ಸಾಗಿಸುವುದು ಅಗತ್ಯ; ಇಲ್ಲವಾದರೆ ಸಾಕ್ಷ್ಯವೇ ಆವಿಯಾಗಿ ಹೋದೀತು.

ಮಾಲಿನ್ಯ ಮಾಡಿದವನೇ ವೆಚ್ಚ ಭರಿಸಬೇಕೆಂಬ ತತ್ವವನ್ನು 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಒಪ್ಪಿದೆ. ಪರಿಹಾರ ಕೋರುವ ಅರ್ಜಿಗೆ ಸಾಮಾನ್ಯವಾಗಿ 5 ವರ್ಷಗಳ ಕಾಲಾವಕಾಶವಿದೆ. ಆದರೆ ಬಾವಿಯಲ್ಲಿನ ರಾಸಾಯನಿಕ ಗುರುತುಗಳು ಅಷ್ಟು ಕಾಲ ಕಾಯುವುದಿಲ್ಲ.